ಹೊಸಿಲ ಒಳಗಿನ ಚಪ್ಪಲಿ

ತುಮಕೂರಿನ ಅಮಾನಿಕೆರೆ ಪಾರ್ಕಿನಲ್ಲಿ ಸಂಜೆ ಹೊತ್ತು ಒಂದು ಸುತ್ತು ಹಾಕಿದರೆ ಊರಿನವರ ಆರೋಗ್ಯವೆಲ್ಲ ತಾನಾಗಿ ಕಿವಿಗೆ ಬೀಳುತ್ತದೆ. ಮೊದಲೆಲ್ಲ ಅಲ್ಲಿ ಶುಗರ್ ಎಷ್ಟು, ಬಿ.ಪಿ. ಎಷ್ಟು ಎಂಬುದೇ ಮಾತು. ಈಗ ನೋಡಿ, ನಡೆಯುತ್ತಿದ್ದವರು ಇದ್ದಕ್ಕಿದ್ದಂತೆ ನಿಲ್ಲುತ್ತಾರೆ, ಬೆಂಚಿನ ಮೇಲೆ ಕಾಲಿಟ್ಟು ಹಿಮ್ಮಡಿ ಒತ್ತಿಕೊಳ್ಳುತ್ತಾರೆ. ಪಕ್ಕದಲ್ಲಿ ಹೋಗುತ್ತಿದ್ದವರಿಗೆ ಗುರುತು ಪರಿಚಯ ಇಲ್ಲದಿದ್ದರೂ "ನಿಮಗೂನಾ?" ಅಂತ ಕೇಳದೆ ಇರಲಾಗುವುದಿಲ್ಲ. ಅಷ್ಟು ಸಾಕು, ಮುಂದಿನ ಎರಡು ಸುತ್ತು ಇಬ್ಬರೂ ಜೊತೆಯಲ್ಲೇ.

ಎಷ್ಟು ಜನವೋ ಅಷ್ಟು ಮದ್ದು. ಒಬ್ಬರು ಹರಳೆಣ್ಣೆ ಅಂದರೆ ಇನ್ನೊಬ್ಬರು ಎಕ್ಕದ ಎಲೆ ಅನ್ನುತ್ತಾರೆ. ಎಕ್ಕದ ಎಲೆಯ ಚಿಕಿತ್ಸೆ ಗೊತ್ತಲ್ಲ? ಇಟ್ಟಿಗೆಯನ್ನು ಒಲೆಯಲ್ಲಿ ಕಾಯಿಸಿ, ಮೇಲೆ ಹಸಿ ಎಲೆ ಹಾಸಿ, ಅದರ ಮೇಲೆ ಹಿಮ್ಮಡಿ ಊರುವುದು. ಎಲೆ ಚುರ್ ಎಂದು ಬಾಡುತ್ತದೆ, ಹಸಿರು ಕಮಟು ಮನೆ ತುಂಬುತ್ತದೆ, ಶಾಖ ಮೆಲ್ಲಗೆ ಮೂಳೆಯವರೆಗೆ ಇಳಿದ ಹಾಗಾಗುತ್ತದೆ. ಹಿತವಾಗಿಯೇ ಇರುತ್ತದೆ ಅನ್ನಿ. ಆದರೆ ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು ಮಾತ್ರ ಇದರ ತಂಟೆಗೆ ಹೋಗಬಾರದು. ಸುಟ್ಟದ್ದೇ ತಿಳಿಯುವುದಿಲ್ಲ. ಎಕ್ಕದ ಹಾಲು ಮುಟ್ಟಿದ ಕೈಯಲ್ಲಿ ಕಣ್ಣು ಉಜ್ಜುವುದಂತೂ ಬೇಡವೇ ಬೇಡ.

ಈ ನೋವಿಗೆ ಒಂದು ವಿಚಿತ್ರ ಗುಣವಿದೆ. ಬೇರೆ ನೋವು ದುಡಿದ ಮೇಲೆ ಬರುತ್ತದೆ, ಇದು ರಾತ್ರಿಯೆಲ್ಲ ಮಲಗಿ ಎದ್ದ ಮೇಲೆ ಬರುತ್ತದೆ. ಬೆಳಿಗ್ಗೆ ಹಾಸಿಗೆಯಿಂದ ಇಟ್ಟ ಮೊದಲ ಹೆಜ್ಜೆಗೇ ಜೀವ ಬಾಯಿಗೆ. ಹತ್ತಿಪ್ಪತ್ತು ಹೆಜ್ಜೆ ನಡೆದರೆ ಸಡಿಲ, ಒಂದು ಗಂಟೆ ಕೂತು ಎದ್ದರೆ ಮತ್ತೆ ಅದೇ ಕಥೆ. ಯಾಕೆ ಹೀಗೆ? ಹಿಮ್ಮಡಿ ಮೂಳೆಯಿಂದ ಹೊರಟು ಬೆರಳುಗಳ ಬುಡದವರೆಗೆ ಅಂಗಾಲಿನುದ್ದಕ್ಕೂ ಒಂದು ಗಟ್ಟಿ ನಾರಿನ ಪಟ್ಟಿ ಇದೆ. ಬಿಲ್ಲಿಗೆ ಹೆದೆ ಕಟ್ಟಿದಂತೆ ಅದು ಪಾದದ ಕಮಾನನ್ನು ಎಳೆದು ಹಿಡಿದಿರುತ್ತದೆ. ಡಾಕ್ಟರು ಪ್ಲಾಂಟಾರ್ ಫ್ಯಾಸಿಯಾ ಅನ್ನುವುದು ಇದಕ್ಕೇ. ದಿನವೆಲ್ಲ ಎಳೆದಾಡಿ ಹಿಮ್ಮಡಿಯ ಬಳಿ ಗಾಸಿಗೊಂಡ ಆ ಪಟ್ಟಿ, ರಾತ್ರಿ ಪಾದ ಕೆಳಮುಖವಾಗಿ ಸಡಿಲ ಬಿದ್ದಾಗ ಬಿಗಿದುಕೊಳ್ಳುತ್ತದೆ. ಬೆಳಿಗ್ಗೆ ನಾವು ಮೈಭಾರವನ್ನೆಲ್ಲ ಹಾಕಿ ಒಂದೇ ಸಲಕ್ಕೆ ಎಳೆದುಬಿಡುತ್ತೇವೆ. ಎಕ್ಸ್‌ರೇ ತೆಗೆಸಿದರೆ ಹಿಮ್ಮಡಿ ಮೂಳೆಗೊಂದು ಮುಳ್ಳು ಕಾಣಬಹುದು. "ಮೂಳೆ ಬೆಳೆದಿದೆಯಂತೆ" ಎಂದು ಮನೆಮಂದಿ ಗಾಬರಿಯಾಗುತ್ತಾರೆ. ಗಾಬರಿ ಬೇಡ. ಆ ಮುಳ್ಳಿದ್ದೂ ನೋವೇ ಇಲ್ಲದೆ ಓಡಾಡುವ ಜನ ಬೇಕಾದಷ್ಟಿದ್ದಾರೆ. ನೋವಿದ್ದವರಲ್ಲೂ ಹೆಚ್ಚಿನವರಿಗೆ ಆಪರೇಷನ್ ಇಲ್ಲದೆ, ವರ್ಷದೊಳಗೆ ವಾಸಿಯಾಗುತ್ತದೆ.

ಯಾರಿಗೆ ಬರುತ್ತದೆ ಅಂದರೆ ನಿಲ್ಲುವವರಿಗೆ. ಬೋರ್ಡಿನ ಮುಂದೆ ನಿಲ್ಲುವ ಮೇಷ್ಟ್ರಿಗೆ, ಗುಬ್ಬಿ ಬಸ್ಸಿನಲ್ಲಿ ತೂರಾಡುತ್ತ ಟಿಕೆಟ್ ಹರಿಯುವ ಕಂಡಕ್ಟರಿಗೆ, ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಎತ್ತಿಕೊಂಡು ಅಡುಗೆಮನೆಗೂ ಟೇಬಲ್ಲಿಗೂ ಓಡಾಡುವ ಹುಡುಗನಿಗೆ. ಕ್ಯಾತ್ಸಂದ್ರ ಅಂದಮೇಲೆ ಪಕ್ಕದ ಸಿದ್ಧಗಂಗೆ ನೆನಪಾಗದೆ ಇರುತ್ತದೆಯೇ? ಸಾವಿರಾರು ಮಕ್ಕಳಿಗೆ ದಿನವೂ ದಾಸೋಹ ನಡೆಯುವ ಆ ಅಡುಗೆಮನೆಯಲ್ಲಿ ಕೊಪ್ಪರಿಗೆಯ ಮುಂದೆ ನಿಂತು ಮುದ್ದೆ ತೊಳಸುವವರ ಹಿಮ್ಮಡಿ ಎಷ್ಟು ಭಾರ ಹೊರುತ್ತದೆ, ಯೋಚಿಸಿ. ಇವರೆಲ್ಲ ಹೋಗಲಿ. ನನ್ನ ಕಣ್ಣಿಗೆ ಬಿದ್ದಿರುವ ಹಾಗೆ ಈ ನೋವು ಜಾಸ್ತಿ ಇರುವುದು ಮನೆಯೊಳಗೇ ಇರುವ ಹೆಂಗಸರಿಗೆ. ಅವರು ಯಾವ ದಾರಿಯನ್ನೂ ಸವೆಸಿದವರಲ್ಲ.

ಅಲ್ಲೇ ಇರುವುದು ಗುಟ್ಟು. ನಮ್ಮ ಅಜ್ಜಿಯರು ನಿಂತದ್ದು ಸಗಣಿ ಸಾರಿಸಿದ ಮಣ್ಣಿನ ನೆಲದ ಮೇಲೆ. ಕೂತದ್ದೇ ಹೆಚ್ಚು, ನಿಂತದ್ದು ಕಡಿಮೆ. ಈಳಿಗೆಮಣೆ, ಒರಳು, ಒಲೆ ಎಲ್ಲವೂ ನೆಲದ ಮೇಲೆ. ಆಮೇಲೆ ಗಾರೆ ಬಂತು, ರೆಡ್ ಆಕ್ಸೈಡ್ ಬಂತು, ಒಲೆ ಸೊಂಟದೆತ್ತರದ ಕಟ್ಟೆ ಹತ್ತಿತು, ಅಡುಗೆಯವಳು ಎದ್ದು ನಿಂತಳು. ಈಗ ಗ್ರಾನೈಟು, ವಿಟ್ರಿಫೈಡ್ ಟೈಲು. ಹೊಳೆಯುತ್ತದೆ, ತಣ್ಣಗಿರುತ್ತದೆ, ಕೂದಲೆಳೆಯಷ್ಟೂ ಬಾಗುವುದಿಲ್ಲ. ಹಿಮ್ಮಡಿಯ ಕೆಳಗೆ ದೇವರು ಕೊಟ್ಟ ಮೆತ್ತೆಯೊಂದಿದೆ, ಒಂದೂವರೆ ಎರಡು ಸೆಂಟಿಮೀಟರ್ ದಪ್ಪದ್ದು, ಸಣ್ಣ ಸಣ್ಣ ಗೂಡುಗಳಲ್ಲಿ ಕೊಬ್ಬು ತುಂಬಿದ್ದು. ವಯಸ್ಸು ನಲವತ್ತು ದಾಟುತ್ತ ಅದರ ಪುಟಿತ ಕಡಿಮೆಯಾಗುತ್ತದೆ. ಸರಿಯಾಗಿ ಅದೇ ವಯಸ್ಸಿಗೆ ಜನ ಹೊಸ ಮನೆ ಕಟ್ಟಿಸಿ ಟೈಲು ಹಾಕಿಸುತ್ತಾರೆ. ಬೀದಿಗೆ ಹೋಗುವಾಗ ಒಳ್ಳೆ ಚಪ್ಪಲಿ ಮೆಟ್ಟುತ್ತೇವೆ, ಅರ್ಧ ಗಂಟೆ. ಮನೆಗೆ ಬಂದರೆ ಹೊಸಿಲಾಚೆ ಬಿಟ್ಟು ಹತ್ತು ಗಂಟೆ ಬರಿಗಾಲು. ಚಪ್ಪಲಿ ಬೇಕಾದದ್ದು ಎಲ್ಲಿಗೆ, ನೀವೇ ಹೇಳಿ?

ಆ ಹೊಸಿಲ ಹತ್ತಿರ ಆಮೇಲೆ ಬರೋಣ. ಮೊದಲು ಅಂಗಡಿಗೆ ಹೋಗೋಣ. ಎಂ.ಜಿ. ರಸ್ತೆಯ ಅಂಗಡಿಯಲ್ಲಿ ಮಾರುವ ಹುಡುಗ ಚಪ್ಪಲಿಯನ್ನು ಹೆಬ್ಬೆರಳಿನಿಂದ ಒತ್ತಿ "ನೋಡಿ ಸಾರ್, ಎಷ್ಟು ಸಾಫ್ಟು" ಅನ್ನುತ್ತಾನೆ. ಮೆತ್ತಗಿದ್ದರಷ್ಟೇ ಸಾಲದು. ಪೂರ್ತಿ ಕುಸಿಯುವ ಮೆತ್ತೆಯಲ್ಲಿ ಪಾದ ಹೊಯ್ದಾಡುತ್ತದೆ, ಆ ಪಟ್ಟಿಗೆ ಇನ್ನೂ ಎಳೆತ. ಚಪ್ಪಲಿಯ ಎರಡು ತುದಿ ಹಿಡಿದು ಮಡಚಿ ನೋಡಿ: ಬೆರಳು ಮಡಚುವ ಜಾಗದಲ್ಲಿ ಬಾಗಬೇಕು, ನಡುವೆ ಬಾಗಬಾರದು. ಒದ್ದೆ ಬಟ್ಟೆ ಹಿಂಡುವ ಹಾಗೆ ತಿರುಚಿದರೆ ಸುಲಭವಾಗಿ ತಿರುಚಿಕೊಳ್ಳಲೂ ಬಾರದು. ಕಮಾನಿನ ಕೆಳಗೆ ಒಂದಿಷ್ಟು ಉಬ್ಬು ಬೇಕು. ಹಿಮ್ಮಡಿ ಮುಂಭಾಗಕ್ಕಿಂತ ಬೆರಳಗಲ ಎತ್ತರ ಇದ್ದರೆ ಮೀನಖಂಡಕ್ಕೂ ಆರಾಮ. ಮೂರಿಂಚಿನ ಹೀಲ್ಸ್ ಬೇಡ, ತೀರ ಚಪ್ಪಟೆಯೂ ಬೇಡ. ಶೂ ಆದರೆ ಹಿಂದಿನ ಗೋಡೆ ಒತ್ತಿದರೆ ಕುಸಿಯಬಾರದು. ಚಪ್ಪಲಿಯಾದರೆ ಹಿಂದೆ ಪಟ್ಟಿ ಇದ್ದರೆ ಮೇಲು. ಹವಾಯಿ ಚಪ್ಪಲಿ ಬಚ್ಚಲಿಗೆ ಸರಿ. ಅದು ಕಳಚದಂತೆ ಬೆರಳುಗಳು ನಡಿಗೆಯುದ್ದಕ್ಕೂ ಹಿಡಿದುಕೊಂಡೇ ಇರಬೇಕು, ಪಾಪ. ಕೊಲ್ಹಾಪುರಿ? ಅದರ ಭೌಗೋಳಿಕ ಗುರುತಿನಲ್ಲಿ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಕ್ಕೂ ಪಾಲಿದೆ. ಅಂದ ನೋಡಿದರೆ ಕಣ್ಣು ಕೀಳಲಾಗದು. ಆದರೆ ಅದರ ಅಟ್ಟೆ ಪೂರ್ತಿ ಚಪ್ಪಟೆ. ಹಿಮ್ಮಡಿ ಕೂಗುತ್ತಿರುವಾಗ ಮದುವೆಮನೆಗೆ ಮಾತ್ರ ಇರಲಿ. ಇನ್ನೊಂದು ಮಾತು: ಅಂಗಡಿಗೆ ಸಂಜೆ ಹೋಗಿ. ದಿನದ ಓಡಾಟಕ್ಕೆ ಪಾದ ಕೊಂಚ ಊದಿರುತ್ತದೆ, ಆಗ ಹಿಡಿಸಿದ್ದು ಯಾವಾಗಲೂ ಹಿಡಿಸುತ್ತದೆ. ಎರಡು ಪಾದ ಒಂದೇ ಅಳತೆ ಇರುವುದು ಅಪರೂಪ. ದೊಡ್ಡದಕ್ಕೆ ತಕ್ಕಂತೆ ಕೊಳ್ಳಿ.

ಡಾಕ್ಟರ ಚೀಟಿಯಲ್ಲಿ ಎಷ್ಟೋ ಸಲ "ಎಂಸಿಆರ್ ಚಪ್ಪಲಿ" ಎಂದಿರುತ್ತದೆ. ಮೈಕ್ರೋ ಸೆಲ್ಯುಲಾರ್ ರಬ್ಬರ್, ಸೂಕ್ಷ್ಮ ಗುಳ್ಳೆಗಳ ರಬ್ಬರು. ಇದರ ಹಿಂದಿನ ಕಥೆ ಕೇಳಿದ್ದೀರಾ? 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಪಾಲ್ ಬ್ರ್ಯಾಂಡ್ ಎಂಬ ಸರ್ಜನ್ ಬಂದರು. ತಂದೆತಾಯಿ ಇಂಗ್ಲೆಂಡಿನವರಾದರೂ ಅವರು ಹುಟ್ಟಿದ್ದು ತಮಿಳುನಾಡಿನ ಕೊಲ್ಲಿಮಲೆ ಬೆಟ್ಟದಲ್ಲಿ. ಕುಷ್ಠರೋಗಿಗಳ ಕೈಕಾಲು ತಾನಾಗಿ ಕೊಳೆತು ಹೋಗುತ್ತದೆ ಎಂದು ಎಲ್ಲರೂ ನಂಬಿದ್ದ ಕಾಲ ಅದು. ಹಾಗಲ್ಲ, ನರ ಸತ್ತು ನೋವು ತಿಳಿಯದೆ ಹೋಗುವುದರಿಂದ ಗಾಯದ ಮೇಲೆ ಗಾಯವಾಗಿ ಬೆರಳು ಕಳೆದುಹೋಗುತ್ತದೆ ಎಂದು ಅವರು ಕಂಡುಕೊಂಡರು. ಮುಳ್ಳು ಚುಚ್ಚಿದರೂ ಗೊತ್ತಾಗದ ಆ ಪಾದಗಳಿಗೆ ಒತ್ತಡವನ್ನು ಎಲ್ಲ ಕಡೆ ಹಂಚುವ ಚಪ್ಪಲಿ ಬೇಕಿತ್ತು. ಆ ಹುಡುಕಾಟದಲ್ಲಿ ಬಳಕೆಗೆ ಬಂದದ್ದು ಈ ರಬ್ಬರು. ನೋವೇ ತಿಳಿಯದವರಿಗಾಗಿ ಹುಡುಕಿದ್ದು ಇವತ್ತು ನೋವು ತಡೆಯಲಾರದವರ ಕಾಲಿನಲ್ಲಿದೆ. ನನಗೆ ಆ ಚಪ್ಪಲಿ ಕಂಡಾಗಲೆಲ್ಲ ಕೈ ಮುಗಿಯಬೇಕೆನಿಸುತ್ತದೆ.

ಗುಬ್ಬಿಯಲ್ಲಿ ರಸ್ತೆ ಬದಿ ಛತ್ರಿ ಕೆಳಗೆ ಕೂರುವ ಹಿರಿಯರೊಬ್ಬರಿದ್ದಾರೆ. ಅವರ ಮುಂದೆ ಮೂರು ಪಾದದ ಕಬ್ಬಿಣದ ಅಚ್ಚು, ರಂಪಿಗೆ, ದಬ್ಬಣ, ಮೇಣ ತಿಕ್ಕಿದ ದಾರ. ಯಾರೇ ಚಪ್ಪಲಿ ಕೊಡಲಿ, ಅವರು ಮೊದಲು ತಿರುವಿ ಅಡಿ ನೋಡುತ್ತಾರೆ. ಒಳಮಗ್ಗುಲು ಸವೆದಿದ್ದರೆ "ಪಾದ ಒಳಕ್ಕೆ ವಾಲ್ತದೆ" ಅನ್ನುತ್ತಾರೆ. ಹಿಮ್ಮಡಿಯ ಹೊರ ಅಂಚು ಸ್ವಲ್ಪ ಸವೆಯುವುದು ಎಲ್ಲರಿಗೂ ಇದ್ದದ್ದೇ, ಒಂದೇ ಕಾಲಿನದು ಜಾಸ್ತಿ ಸವೆದಿದ್ದರೆ "ಈ ಕಡೆ ಸೊಂಟ ನೋವಾ?" ಎಂದು ಕೇಳುತ್ತಾರೆ. ಹಳೇ ಚಪ್ಪಲಿಗೆ ಎಂಸಿಆರ್ ಹಾಳೆ ಅಂಟಿಸುವಾಗ ನೋಡಬೇಕು. ಹಾಳೆಯನ್ನು ರಂಪಿಗೆಯಲ್ಲಿ ಒಂದೇ ಎಳೆತಕ್ಕೆ ಕೊಯ್ದು, ಅಂಚನ್ನು ಓರೆಯಾಗಿ ಹೆರೆದು, ಎರಡು ಕಡೆಗೂ ಅಂಟು ಬಳಿದು, ಅದು ಒಣಗುವವರೆಗೆ ಕಾಯುತ್ತಾರೆ. ಕಾಯುವ ಹೊತ್ತಿನಲ್ಲಿ ಮಾತು.

ಗುಬ್ಬಿಯಲ್ಲಿ ಮಾತು ಅಂದರೆ ಅದು ನಾಟಕ ಕಂಪನಿಗೆ ಬಂದೇ ತೀರಬೇಕು. 1884ರಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿ, ಬಾಲಕನಾಗಿ ಸೇರಿ ಅದನ್ನು ನಾಡಿಗೇ ದೊಡ್ಡದು ಮಾಡಿದ ವೀರಣ್ಣನವರು, ಕುರುಕ್ಷೇತ್ರ ನಾಟಕದಲ್ಲಿ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದದ್ದು. ಹಲಗೆಯ ರಂಗದ ಮೇಲೆ ಆನೆ ಸದ್ದಿಲ್ಲದೆ ಹೇಗೆ ನಡೆಯಿತು ಎಂದು ಯೋಚಿಸಿದ್ದೀರಾ? ಆನೆಯ ಹಿಮ್ಮಡಿಯ ಕೆಳಗೆ ದೊಡ್ಡದೊಂದು ಕೊಬ್ಬಿನ ಮೆತ್ತೆಯಿದೆ. ಒಳಗೆ ನೋಡಿದರೆ ಅದು ತುದಿಬೆರಳಿನಲ್ಲಿ ನಿಂತಿರುವ ಪ್ರಾಣಿ. ಹುಟ್ಟುವಾಗಲೇ ಎತ್ತರದ ಹಿಮ್ಮಡಿಯ, ಮೆತ್ತನೆಯ ಮೆಟ್ಟು ತೊಟ್ಟು ಬಂದದ್ದು.

ಕುದುರೆಯದು ಇನ್ನೂ ಚಂದ. ಟಿಪ್ಪುವಿನ ಕಾಲದಿಂದ ಕುದುರೆ ಸಾಕಿದ ಕುಣಿಗಲ್ಲಿನಲ್ಲಿ ಹಿಂಗಾಲು ನಡುವೆ ಹಿಂದಕ್ಕೆ ಮಡಚಿದ್ದನ್ನು ನೋಡಿ ಮಕ್ಕಳು "ಕುದುರೆಗೆ ಮಂಡಿ ಹಿಂದಕ್ಕಿದೆ" ಅನ್ನುತ್ತಾರೆ. ಅದು ಮಂಡಿಯಲ್ಲ, ಅದೇ ಹಿಮ್ಮಡಿ! ನೆಲದಿಂದ ಅಷ್ಟೆತ್ತರದಲ್ಲಿ, ನಡೆಯುವಾಗ ಒಮ್ಮೆಯೂ ನೆಲಕ್ಕೆ ತಾಗದೆ ಇರುವ ಹಿಮ್ಮಡಿ. ಕುದುರೆ ನಡೆಯುವುದು ಒಂದೊಂದು ಕಾಲಿಗೆ ಒಂದೇ ಬೆರಳಿನ ಉಗುರಿನ ಮೇಲೆ. ಆ ಉಗುರಿಗೇ ಐದಾರು ವಾರಕ್ಕೊಮ್ಮೆ ಕತ್ತರಿಸಿ, ಅರದಿಂದ ತಿಕ್ಕಿ, ಹೊಸ ಲಾಳ ಹೊಡೆಯುತ್ತಾರೆ. ಓಟದ ಕುದುರೆಗೆ ಅಭ್ಯಾಸಕ್ಕೆ ಉಕ್ಕಿನದು, ಪಂದ್ಯಕ್ಕೆ ಹಗುರವಾದ ಅಲ್ಯೂಮಿನಿಯಂನದು. ಎತ್ತಿಗೆ ಗೊರಸು ಸೀಳಿರುವುದರಿಂದ ಒಂದು ಕಾಲಿಗೆ ಎರಡು ತುಂಡು. ಶಿವರಾತ್ರಿಗೆ ಸಿದ್ಧಗಂಗೆಯ ದನಗಳ ಪರಿಷೆಯಲ್ಲಿ ಎತ್ತನ್ನು ಹಗ್ಗ ಹಾಕಿ ಕೆಡವಿ, ನಾಲ್ಕೂ ಕಾಲು ಕೂಡಿಸಿ ಕಟ್ಟಿ ಲಾಳ ಹೊಡೆಯುವಾಗ ರೈತ ಅದರ ಕೊರಳು ಸವರುತ್ತ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಿರುತ್ತಾನೆ. ಎತ್ತಿನ ಕಾಲಿಗೆ ಇಷ್ಟು ಗಮನ ಕೊಡುವವನು ತನ್ನ ಹೆಂಡತಿಯ ಹಿಮ್ಮಡಿ ವಿಚಾರಿಸಿದ್ದಾನೆಯೇ ಎಂದು ಕೇಳಬೇಕೆನಿಸುತ್ತದೆ.

ಮೆಟ್ಟಿನ ಮಾತು ಬಂದಮೇಲೆ ಚಪ್ಪಲಿ ಹೊಲಿಯುತ್ತಿದ್ದ ಶರಣ ಹರಳಯ್ಯನವರನ್ನು ಬಿಟ್ಟು ಮುಂದೆ ಹೋಗಲು ನನ್ನಿಂದಾಗದು. ಸಿದ್ಧಗಂಗೆ, ಎಡೆಯೂರು ಇರುವ ಈ ಸೀಮೆಯಲ್ಲಿ ಈ ಕಥೆ ಗೊತ್ತಿಲ್ಲದ ಮಗುವಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹರಳಯ್ಯ ಶರಣೆಂದರೆ ಬಸವಣ್ಣ ಎರಡು ಸಲ ಶರಣೆಂದರಂತೆ. ಆ ಹೆಚ್ಚಿನ ಒಂದು ಶರಣಿನ ಋಣಕ್ಕೆ ಹರಳಯ್ಯ, ಹೆಂಡತಿ ಕಲ್ಯಾಣಮ್ಮ ಇಬ್ಬರೂ ತಮ್ಮ ತೊಡೆಯ ಚರ್ಮದಿಂದ ಮೆಟ್ಟು ಹೊಲಿದು ತಂದರಂತೆ. ಬಸವಣ್ಣ ಅದನ್ನು ಕಾಲಿಗೆ ಹಾಕಲಿಲ್ಲ, ತಲೆಯ ಮೇಲಿಟ್ಟುಕೊಂಡರು ಎನ್ನುತ್ತದೆ ಕಥೆ. ಚಪ್ಪಲಿ ಹೊಲಿಯುವ ಕೈಯನ್ನು ಇಷ್ಟು ಎತ್ತರಕ್ಕೆ ಏರಿಸಿದ ಕಥೆ ಇರುವ ನಾಡಿನಲ್ಲಿ, ಚಪ್ಪಲಿ ಎಂದರೆ ಮೈಲಿಗೆ ಎಂದು ಯಾರಾದರೂ ಮುಖ ಸಿಂಡರಿಸಿದರೆ ನನಗೆ ನಿಜವಾಗಿ ಸಂಕಟವಾಗುತ್ತದೆ.

ಹೊಸಿಲಿಗೆ ಬಂದೆವು ನೋಡಿ. ಕುಣಿಗಲ್ಲಿನಲ್ಲಿ ನಮ್ಮ ಚಿಕ್ಕಮ್ಮ ಇದ್ದಾರೆ. ಬೆಳಿಗ್ಗೆ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಹೋಗುವ ಸ್ಥಿತಿ. ಮನೆಯೊಳಗೆ ಚಪ್ಪಲಿ ಹಾಕಿ ಎಂದರೆ "ಒಲೆ ಮುಂದೇನೋ? ದೇವರಿರೋ ಮನೇಲೇನೋ?" ಎಂದು ಅಳುವುದೊಂದೇ ಬಾಕಿ. ಅವರ ಮಾತನ್ನು ತಳ್ಳಿಹಾಕಬಾರದು. ಅದು ಒಂದು ಬದುಕು ಪೂರ್ತಿ ನಡೆಸಿಕೊಂಡು ಬಂದ ಮಡಿ. ಸೊಸೆ ಜಾಣೆ. ಬೀದಿಯನ್ನೇ ಕಾಣದ ಹೊಸ ಜೋಡಿಯನ್ನು ಡಬ್ಬಿ ಸಮೇತ ನಡುಮನೆಯಲ್ಲೇ ಬಿಚ್ಚಿದಳು. ಇದು ಮನೆಯದೇ, ನೆಲ ಒರೆಸುವ ದಿನ ಇದನ್ನೂ ತೊಳೆಯೋಣ, ದೇವರ ಮನೆಯ ಬಾಗಿಲಲ್ಲಿ ಮಾತ್ರ ಬಿಡಿ ಅಂದಳು. ದೇವರ ಮುಂದೆ ನಿಲ್ಲುವ ಜಾಗಕ್ಕೆ ದಪ್ಪ ಜಮಖಾನೆ ನಾಲ್ಕು ಮಡಿಕೆ ಮಾಡಿ ಹಾಸಿದಳು. ಹಾಸಿಗೆಯಿಂದ ಏಳುವ ಮುಂಚೆ ಟವೆಲ್ಲನ್ನು ಅಂಗಾಲಿನ ಮುಂಭಾಗಕ್ಕೆ ಹಾಕಿ ತಮ್ಮ ಕಡೆ ಎಳೆದುಕೊಳ್ಳುವುದನ್ನು ಕಲಿಸಿದಳು; ಆ ಪಟ್ಟಿ, ಮೀನಖಂಡ ಎರಡೂ ಮೊದಲೇ ಹಿಗ್ಗಿದರೆ ಮೊದಲ ಹೆಜ್ಜೆಯ ಬಿರುಸು ಕಡಿಮೆ. ಒಂದೆರಡು ತಿಂಗಳು ಹಿಡಿಯಿತು. ಈಗ ಚಿಕ್ಕಮ್ಮ ಗೋಡೆ ಬಿಟ್ಟಿದ್ದಾರೆ.

ಬಿಟ್ಟಿರುವುದು ಮಾತ್ರವಲ್ಲ, ಅಕ್ಕಪಕ್ಕದವರಿಗೆಲ್ಲ ಸಲಹೆ ಕೊಡಲು ಶುರುಮಾಡಿದ್ದಾರೆ. ಗುಬ್ಬಿಯ ಆ ಹಿರಿಯರ ಕೈಯಲ್ಲಿ ಎಂಸಿಆರ್ ಹಾಕಿ ಹೊಸದೇ ಹೊಲಿಸುವುದು ಎಂದು ತೀರ್ಮಾನವಾಗಿದೆ. ಹಳೆ ಪೇಪರಿನ ಮೇಲೆ ಪಾದವಿಟ್ಟು ಪೆನ್ಸಿಲಿನಿಂದ ಸುತ್ತ ಗೆರೆ ಎಳೆದು ಕಳಿಸಿದರೆ ಸಾಕು ಎಂದು ಅವರು ಹೇಳಿದ್ದಾರೆ. ಹೋದ ವಾರ ಪಕ್ಕದ ಮನೆಯವರು ಕುರ್ಚಿ ಮೇಲೆ ಕೂತು ಗೆರೆ ಎಳೆಸಿಕೊಳ್ಳುತ್ತಿದ್ದರು. ಚಿಕ್ಕಮ್ಮ ಬಿಡಲಿಲ್ಲ. "ಎದ್ದು ನಿಂತ್ಕೊಳ್ಳಮ್ಮ, ಭಾರ ಬಿದ್ದರೆ ಪಾದ ಅಗಲ ಆಗುತ್ತೆ. ಎಡಗಾಲು ಬಲಗಾಲು ಬೇರೆ ಬೇರೆ ಹಾಳೇಲಿ ಬರಿ" ಎಂದು ಪೆನ್ಸಿಲನ್ನು ತಾವೇ ಕಿತ್ತುಕೊಂಡು ನೆಲಕ್ಕೆ ಬಗ್ಗಿದರು.