ಎರಡು ಸಾಲಿನ ವಹಿ

‘ದೇಶ ಸುತ್ತಬೇಕು, ಇಲ್ಲವೆ ಕೋಶ ಓದಬೇಕು’ ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಮುಂಬ್ರಾದಲ್ಲಿ ನೆಲೆಸಿದ ಕನ್ನಡಿಗರಿಗೆ ಈ ಮಾತಿನ ಮೊದಲ ಅರ್ಧವನ್ನು ಯಾರೂ ಕಲಿಸಬೇಕಾಗಿಲ್ಲ. ಹೊಟ್ಟೆಯ ಪಾಡೇ ಅವರಿಗೆ ದೇಶವನ್ನು ಸುತ್ತಿಸಿದೆ. ಕಲಬುರ್ಗಿ, ವಿಜಯಪುರಗಳ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು, ಕರಾವಳಿಯಿಂದ ಹೋಟೆಲಿನ ಕೆಲಸಕ್ಕೆ ಬಂದವರು ಇಲ್ಲಿ ಒಂದೇ ಓಣಿಯಲ್ಲಿ ಬಾಳುತ್ತಿದ್ದಾರೆ. ನಾವೂ ಹಾಗೆ ಬಂದವರೇ. ಇಂಡಿ ತಾಲೂಕಿನ ಒಂದು ಹಳ್ಳಿಯಿಂದ, ಕನ್ನಡ ಮಾಧ್ಯಮದಲ್ಲಿ ಮ್ಯಾಟ್ರಿಕ್ ಮುಗಿಸಿಕೊಂಡು, ಕೈಯಲ್ಲೊಂದು ಟ್ರಂಕು ಹಿಡಿದು ಈ ಗುಡ್ಡದ ಬುಡಕ್ಕೆ ಬಂದೆವು. ಉಳಿದ ಅರ್ಧದ ವಿಷಯವಾಗಿ, ಎಂದರೆ ಕೋಶ ಓದುವುದನ್ನು ಕುರಿತು, ನಮ್ಮ ವಿದ್ಯಾರ್ಥಿಮಿತ್ರರಿಗೆ ನಾಲ್ಕು ಮಾತು ಹೇಳಬೇಕೆಂದಿದ್ದೇವೆ. ಅದರಲ್ಲಿ ನಮ್ಮದೊಂದು ತಪ್ಪೊಪ್ಪಿಗೆಯೂ ಸೇರಿದೆ.

ನಿಮ್ಮಲ್ಲಿ ಮುಂಬ್ರಾ, ಕಳವಾಗಳಿಂದ ಲೋಕಲ್ ಗಾಡಿ ಹಿಡಿದು ಶಾಲೆಗೆ ಬರುವವರಿಗೆ ನಮ್ಮ ಕೋಣೆ ಪರಿಚಿತವೇ. ಅಲ್ಲೊಂದು ಕಬ್ಬಿಣದ ಕಪಾಟಿದೆ. ಕಪಾಟಿನಲ್ಲಿ ಅರವತ್ತಕ್ಕೆ ಸಮೀಪ ಕನ್ನಡ ಪುಸ್ತಕಗಳಿವೆ. ಕೆಲವು ಊರಿನಿಂದ ತಂದವು, ಕೆಲವು ರದ್ದಿ ಅಂಗಡಿಯಲ್ಲಿ ಸಿಕ್ಕವು, ಕೆಲವು ಊರಿಗೆ ಮರಳಿದವರು ಬಿಟ್ಟುಹೋದವು. ರವಿವಾರ ಮಕ್ಕಳು ಬಂದು ಪುಸ್ತಕ ಒಯ್ಯುತ್ತಾರೆ. ಇದಕ್ಕೆ ವರ್ಗಣಿಯಿಲ್ಲ, ನಿಯಮ ಮಾತ್ರ ಒಂದಿದೆ. ಪುಸ್ತಕವನ್ನು ಹಿಂದಿರುಗಿಸುವಾಗ ಅಲ್ಲಿಟ್ಟಿರುವ ವಹಿಯಲ್ಲಿ ತಮ್ಮ ಅಭಿಪ್ರಾಯವನ್ನು ಎರಡು ಸಾಲಿನಲ್ಲಿ ಬರೆಯಬೇಕು.

ಮೊದಲ ಕೆಲವು ತಿಂಗಳು ವಹಿ ಬಹಳ ಅಂದವಾಗಿ ತುಂಬಿತು. ‘ಈ ಪುಸ್ತಕವು ಉತ್ತಮವಾಗಿದೆ. ಎಲ್ಲರೂ ಓದತಕ್ಕದ್ದು’ ಎಂದು ಒಬ್ಬ ಬರೆದರೆ, ಮುಂದಿನ ಹನ್ನೆರಡು ಜನ ಅದನ್ನೇ ಬರೆದರು. ಚುರುಕಾದವರು ಪುಸ್ತಕದ ಬೆನ್ನುಪುಟದ ಮಾತನ್ನು ನಕಲು ಮಾಡಿದರು. ನಾವು ಅಕ್ಷರ ದುಂಡಗಿರುವುದನ್ನು ಕಂಡು ಸಂತೋಷಪಟ್ಟು, ಕೆಂಪು ಶಾಯಿಯಲ್ಲಿ ‘ಸರಿ’ ಎಂದು ಗುರುತು ಹಾಕುತ್ತಿದ್ದೆವು.

ಒಂದು ಮಳೆಗಾಲದ ರವಿವಾರ. ಪಾರಸಿಕ ಗುಡ್ಡದಿಂದ ನೀರು ಝರಿಗಳಾಗಿ ಇಳಿಯುತ್ತಿತ್ತು. ನಾಲ್ಕಾರು ಮಕ್ಕಳು ಕೋಣೆಯಲ್ಲಿ ಸಿಕ್ಕಿಕೊಂಡಿದ್ದರು. ನಾವು ಯಶವಂತ ಚಿತ್ತಾಲರ ‘ಶಿಕಾರಿ’ ಕಾದಂಬರಿಯನ್ನು ಕೈಯಲ್ಲಿ ಹಿಡಿದು ಅದರ ಹಿರಿಮೆಯನ್ನು ವಿವರಿಸತೊಡಗಿದೆವು. ಚಿತ್ತಾಲರು 1928ರಲ್ಲಿ ಉತ್ತರ ಕನ್ನಡದ ಹನೇಹಳ್ಳಿಯಲ್ಲಿ ಹುಟ್ಟಿದವರು. ಮುಂಬಯಿಯ ಕಾರ್ಖಾನೆಯ ಜಗತ್ತಿನಲ್ಲಿ ದುಡಿಯುತ್ತಲೇ ಕತೆ ಕಾದಂಬರಿಗಳನ್ನು ಬರೆದವರು. ‘ಶಿಕಾರಿ’ ಅಚ್ಚಾದದ್ದು 1979ರಲ್ಲಿ. ‘ಕತೆಯಾದಳು ಹುಡುಗಿ’ ಸಂಕಲನಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದದ್ದು 1983ರಲ್ಲಿ. ಇವೆಲ್ಲ ಸರಾಗವಾಗಿ ಬಂದವು. ಆಗ ಒಂಬತ್ತನೆಯ ತರಗತಿಯ ಹುಡುಗನೊಬ್ಬ, “ಸರ್, ಇದರಾಗ ನಿಮಗ ಯಾವ ಭಾಗ ಸೇರಿತ್ರಿ?” ಎಂದು ಕೇಳಿದನು. “ಎಲ್ಲವೂ” ಎಂದೆವು. ಅವನು ಬಿಡಲಿಲ್ಲ. “ಹಂಗಂದ್ರ ಆ ಮನಿಶಾ ಕಡೀಕ ಏನಾಗ್ತಾನ್ರಿ?”

ನಮಗೆ ಉತ್ತರ ತೋಚಲಿಲ್ಲ. ನಾವು ಆ ಪುಸ್ತಕವನ್ನು ಓದಿರಲಿಲ್ಲ.

ಹುಡುಗನ ಪ್ರಶ್ನೆಯಲ್ಲಿ ಕುಚೋದ್ಯವಿರಲಿಲ್ಲ. ತಿಳಿಯುವ ಆಸೆಯಿತ್ತು, ಅಷ್ಟೆ. “ಮಳೆ ನಿಂತಿತು, ಮನೆಗೆ ಹೋಗಿರಿ” ಎಂದು ಹೇಳಿ ಮಾತು ತೇಲಿಸಿದೆವು. ಮಳೆ ನಿಂತಿರಲಿಲ್ಲ. ಮಕ್ಕಳು ನೆನೆದುಕೊಂಡೇ ಹೋದರು. ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ನಮ್ಮ ಕಾಲದ ಪರೀಕ್ಷೆಯಲ್ಲಿ ‘ಲೇಖಕರ ಪರಿಚಯ’ ಎಂಬ ಪ್ರಶ್ನೆ ತಪ್ಪದೆ ಬರುತ್ತಿತ್ತು. ಜನ್ಮಸ್ಥಳ, ಕೃತಿಗಳು, ಪ್ರಶಸ್ತಿಗಳು, ಹೀಗೆ ಬಾಯಿಪಾಠ ಮಾಡಿ ಅಂಕ ಗಳಿಸಿದೆವು. ಆ ಅಭ್ಯಾಸವೇ ಮುಂದುವರಿದು, ಪುಸ್ತಕದ ಹೊಸ್ತಿಲಲ್ಲಿ ನಿಂತು ಒಳಮನೆಯನ್ನು ವರ್ಣಿಸುವ ಚಾಳಿಯಾಗಿತ್ತು. ಮಕ್ಕಳು ಬೆನ್ನುಪುಟವನ್ನು ನಕಲು ಮಾಡಿದ್ದರಲ್ಲಿ ಆಶ್ಚರ್ಯವೇನು? ಗುರುವೂ ಅದನ್ನೇ ಮಾಡುತ್ತಿದ್ದನಲ್ಲವೆ!

ಮರುದಿನದಿಂದ ‘ಶಿಕಾರಿ’ಯನ್ನು ಚೀಲದಲ್ಲಿಟ್ಟುಕೊಂಡೆವು. ನಮ್ಮ ನಿಲ್ದಾಣದಲ್ಲಿ ವೇಗದ ಗಾಡಿಗಳು ನಿಲ್ಲುವುದಿಲ್ಲ. ನಿಧಾನದ ಗಾಡಿಯಲ್ಲಿ, ಒಂದು ಕೈಯಲ್ಲಿ ಸರಪಳಿ ಹಿಡಿದು, ಇನ್ನೊಂದರಲ್ಲಿ ಪುಸ್ತಕ ಹಿಡಿದು ಓದಿದೆವು. ಮುಗಿಯಲು ಐದು ವಾರ ಹಿಡಿಯಿತು. ಆಮೇಲೆ ಅದೇ ವಹಿಯಲ್ಲಿ, ಮಕ್ಕಳ ಸಾಲುಗಳ ಕೆಳಗೆ, ನಾವೂ ಬರೆದೆವು: ‘ಮೊದಲ ಭಾಗ ನಮಗೆ ಕಷ್ಟವಾಯಿತು, ಎರಡು ಸಲ ಬಿಟ್ಟುಬಿಡೋಣವೆನಿಸಿತು. ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದ ನಾಗಪ್ಪನನ್ನು ಏಕಾಏಕಿ ಅಮಾನತು ಮಾಡಿದಾಗ ಅವನಿಗಾದ ದಿಗಿಲು, ನಾವು ಈ ಊರಿಗೆ ಬಂದ ವರ್ಷ ಕೆಲಸ ಹೋದ ದಿನದ ನಮ್ಮ ದಿಗಿಲಿನಂತೆಯೇ ಇತ್ತು. ಅದಕ್ಕಾಗಿ ಮುಂದೆ ಓದಿದೆವು.’ ಹಿಂದೆ ಓದದೆಯೇ ಹೊಗಳಿದ್ದೆವೆಂಬುದನ್ನೂ ಮಕ್ಕಳೆದುರಿಗೆ ಹೇಳಿದೆವು. ಹುಡುಗರು ನಕ್ಕರು. ಆ ನಗೆಯ ಬಳಿಕ ವಹಿಯ ಬಣ್ಣವೇ ಬದಲಾಯಿತು.

ಶಿವರಾಮ ಕಾರಂತರ ‘ಚೋಮನ ದುಡಿ’ (1933) ಓದಿದ ಹುಡುಗನೊಬ್ಬನ ತಂದೆ ಇಲ್ಲಿ ಗೌಂಡಿಯ ಕೈಕೆಳಗೆ ಸಿಮೆಂಟು ಹೊರುತ್ತಾನೆ. ಆ ಹುಡುಗ ಬರೆದನು: ‘ಚೋಮನಿಗೆ ಹೊಲ ಇರಲಿಲ್ಲ, ಎತ್ತಾದರೂ ಇದ್ದವು. ನಮ್ಮಪ್ಪನಿಗೆ ಎರಡೂ ಇಲ್ಲ, ದುಡಿಯೂ ಇಲ್ಲ.’ ಈ ಕಾದಂಬರಿಯ ಮೇಲೆ ವಿದ್ವಾಂಸರು ಬರೆದ ಲೇಖನಗಳನ್ನು ನಾವು ಓದಿದ್ದೇವೆ. ಈ ಎರಡು ಸಾಲಿನಷ್ಟು ನಮ್ಮನ್ನು ಕಾಡಿದ್ದು ಕಡಿಮೆ.

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ವಿಷಯದಲ್ಲಿ ಜಗಳವೇ ಆಯಿತು. ‘ಹಾರುವ ಓತಿ ಕೊನೆಗೂ ಕೈಗೆ ಸಿಗದಿದ್ದರೆ ಅಷ್ಟು ದೂರ ಕಾಡಿಗೆ ಹೋದದ್ದು ಯಾತಕ್ಕೆ? ಮೋಸ’ ಎಂದು ಒಬ್ಬ ಬರೆದನು. ಅದರ ಕೆಳಗೆ ಇನ್ನೊಬ್ಬಳು, ‘ಸಿಕ್ಕಿದ್ದರೆ ಶೀಷೆಯಲ್ಲಿ ಹಾಕುತ್ತಿದ್ದರು. ಸಿಗದೆ ಇದ್ದುದೇ ಚಂದ’ ಎಂದು ಉತ್ತರ ಕೊಟ್ಟಳು. ಯಾರದು ಸರಿಯೆಂದು ನಮ್ಮನ್ನು ಕೇಳಿದರು. ಇಬ್ಬರೂ ಕೊನೆಯ ಪುಟದವರೆಗೆ ಓದಿದ್ದಾರೆ, ಆದುದರಿಂದ ಇಬ್ಬರದೂ ಸರಿ ಎಂದೆವು. ‘ಮೂಕಜ್ಜಿಯ ಕನಸುಗಳು’ ಓದಿದ ಒಬ್ಬಳು, ‘ಇದಕ್ಕೆ ಜ್ಞಾನಪೀಠ ಬಂದಿದೆಯಂತೆ. ನನಗೆ ಅರ್ಧ ತಿಳಿಯಲಿಲ್ಲ. ಅಜ್ಜಿ ಮಾತ್ರ ನಮ್ಮಜ್ಜಿಯ ಹಾಗೆ ಯಾರಿಗೂ ಹೆದರುವುದಿಲ್ಲ’ ಎಂದಳು. ತಿಳಿಯಲಿಲ್ಲವೆಂಬುದೂ ಅಭಿಪ್ರಾಯವೇ. ಅದನ್ನು ಬರೆಯಲು ಧೈರ್ಯ ಬೇಕು.

ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ (1984) ಕಪಾಟಿನ ಮೇಲಿನ ಅರೆಯಲ್ಲಿತ್ತು. ಕಾಸರಗೋಡಿನ ಕಡೆಯ ನಾದಿರಾ ಎಂಬ ಹೆಣ್ಣುಮಗಳ ದುಃಖದ ಕತೆ ಅದು. ತಂದೆಯ ಹಟ ಅವಳನ್ನು ಗಂಡನಿಂದ ಅಗಲಿಸುತ್ತದೆ. ಎಳೆಯರಿಗೆ ಭಾರವಾದೀತೆಂದು ನಾವೇ ಮೇಲಿಟ್ಟಿದ್ದೆವು. ಒಬ್ಬ ಹುಡುಗಿ, “ಅಮ್ಮೀಗೆ ಕನ್ನಡ ಓದಲಿಕ್ಕೆ ಬರುತ್ತದೆ ಸರ್, ಅವರಿಗೆ ಕೊಡಿ” ಎಂದು ಒಯ್ದಳು. ಮೂರು ವಾರದ ಮೇಲೆ ಪುಸ್ತಕ ಬಂದಿತು. ಒಳಗೆ ಒಂದು ಚೀಟಿ. ಮದುವೆಯಾಗಿ ಈ ಊರಿಗೆ ಬಂದ ಮೇಲೆ ಕನ್ನಡ ಬರೆದದ್ದು ಇದೇ ಮೊದಲೆಂದು ಆ ತಾಯಿ ತಿಳಿಸಿದ್ದರು. ಅಕ್ಷರಗಳು ಒತ್ತಕ್ಷರದಲ್ಲಿ ತಡವರಿಸಿದ್ದವು. ‘ನಾದಿರಾಗೆ ಏನು ಬೇಕು ಅಂತ ಯಾರೂ ಕೇಳಲಿಲ್ಲ. ಪುಸ್ತಕ ಹೇಗಿದೆ ಅಂತ ನನ್ನನ್ನು ನನ್ನ ಮಗಳು ಕೇಳಿದಳು’ ಎಂದಷ್ಟೇ ಮುಂದೆ ಇತ್ತು. ನಾವು ಆ ಚೀಟಿಯನ್ನು ವಹಿಗೆ ಅಂಟಿಸಿದ್ದೇವೆ. ಕೆಂಪು ಶಾಯಿಯ ಗುರುತನ್ನು ಮಾತ್ರ ಹಾಕಲಿಲ್ಲ.

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಹನ್ನೆರಡು ಕತೆಗಳ ಇಂಗ್ಲಿಷ್ ಅನುವಾದಕ್ಕೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಿತು. ಅನುವಾದಿಸಿದವರು ದೀಪಾ ಭಾಸ್ತಿ. ಕನ್ನಡಕ್ಕೆ ಈ ಗೌರವ ಸಂದದ್ದು ಅದೇ ಮೊದಲು. ಆ ರವಿವಾರ ಒಬ್ಬನು, “ಪ್ರಶಸ್ತಿ ಬಂದರೆ ನಮಗೂ ಸೇರಲೇಬೇಕಾ ಸರ್?” ಎಂದನು. ಇಲ್ಲ, ಓದಲೇಬೇಕು ಎಂದೆವು. ಸೇರುವುದೂ ಬಿಡುವುದೂ ಆಮೇಲಿನ ಮಾತು.

ಪ್ರಿಯ ವಿದ್ಯಾರ್ಥಿಗಳೇ, ನಿಮ್ಮ ಮನೆಯ ಮಾತು ಬೇರೆ, ಬೀದಿಯ ಮಾತು ಬೇರೆ, ಶಾಲೆಯ ಮಾತು ಬೇರೆ. ನಾಳೆ ಉದ್ಯೋಗದ ಮಾತು ಮತ್ತೊಂದಾದೀತು. ಕನ್ನಡದಲ್ಲಿ ನಿಮಗೆ ಏನು ಉಳಿಯುವುದೆಂದು ಹಲವರು ಕೇಳುತ್ತಾರೆ. ಬಾಯಿಪಾಠ ಮಾಡಿದ್ದು ಉಳಿಯದು, ನಮಗೇ ಉಳಿಯಲಿಲ್ಲ. ಒಂದು ಪುಸ್ತಕವನ್ನು ಪೂರ್ತಿ ಓದಿ, ‘ಇದು ನನಗೆ ಹೀಗೆ ಕಂಡಿತು, ಈ ಕಾರಣಕ್ಕಾಗಿ’ ಎಂದು ನೀವೇ ಬರೆದ ಎರಡು ಸಾಲು ಮಾತ್ರ ನಿಮ್ಮ ಸ್ವಂತದ್ದು. ಅದು ಗುರುಗಳ ಅಭಿಪ್ರಾಯಕ್ಕೆ ವಿರುದ್ಧವಾದರೂ ಚಿಂತೆಯಿಲ್ಲ. ಮುಂದಿನ ವರ್ಷ ಅದೇ ಪುಸ್ತಕವನ್ನು ಮತ್ತೊಮ್ಮೆ ಓದಿ ನೀವೇ ಅದನ್ನು ಅಳಿಸಿದರೂ ಚಿಂತೆಯಿಲ್ಲ.

‘ಶಿಕಾರಿ’ಯನ್ನು ಕುರಿತು ಪ್ರಶ್ನೆ ಕೇಳಿದ ಆ ಹುಡುಗ ಈಗ ಹತ್ತನೆಯ ತರಗತಿಯಲ್ಲಿದ್ದಾನೆ. ಪುಸ್ತಕ ಅವನ ಬಳಿಯಲ್ಲೇ ಇದೆ, ಅರ್ಧವಾಗಿದೆಯಂತೆ. ಕೊನೆಗೆ ನಾಗಪ್ಪನಿಗೆ ಏನಾಗುವುದೆಂದು ನಾವು ಅವನಿಗೆ ಇನ್ನೂ ಹೇಳಿಲ್ಲ. ವಹಿಯಲ್ಲಿ ಅವನಿಗಾಗಿ ಎರಡು ಸಾಲು ಖಾಲಿ ಬಿಟ್ಟಿದ್ದೇವೆ.