ಟ್ರಾನ್ಸಿಸ್ಟರಿನ ಕೃಪಾಂಕ

ಕನ್ನಡ ಎಂ.ಎ. ಮಾಡಿ, ಕಾಲೇಜಿನಲ್ಲಿ ಹಳಗನ್ನಡದ ಪಾಠ ಹೇಳುವವನಿಗೆ ಟ್ರಾನ್ಸಿಸ್ಟರುಗಳ ಗೊಡವೆ ಏತಕ್ಕೆಂದು ವಾಚಕರು ಕೇಳಬಹುದು. ಎಲ್ಲರಿಗಿಂತ ಮೊದಲು ಈ ಪ್ರಶ್ನೆ ಕೇಳಿದವಳು ನನ್ನ ಮಡದಿ. ಊಟದ ಮೇಜಿನ ತುಂಬ ತಂತಿಗಳನ್ನು ಹರಡಿಕೊಂಡು ಕುಳಿತ ನನ್ನನ್ನು ಕಂಡು, "ಛಂದಸ್ಸಿಗೆ ಪ್ರಸ್ತಾರ ಹಾಕುವುದು ಬಿಟ್ಟು ಇದೇನ್ರೀ ಹೊಸ ವ್ಯವಸಾಯ?" ಎಂದಳು. ಅದಕ್ಕೆ ಉತ್ತರ ಒಳಕೋಣೆಯ ಮಂಚದ ಮೇಲೆ ಮೌನವಾಗಿ ಕುಳಿತಿತ್ತು.

ನನ್ನ ತಂದೆಯವರು 1971ರಲ್ಲಿ, ಮೇಷ್ಟರ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಒಂದು ಟ್ರಾನ್ಸಿಸ್ಟರ್ ರೇಡಿಯೋ ಕೊಂಡಿದ್ದರು. ಈಗ ಅವರ ಕಣ್ಣು ಮಂಜಾಗಿದೆ, ಪತ್ರಿಕೆ ಓದಲಾರರು. ಲೋಕದ ಕಡೆಗೆ ತೆರೆದಿದ್ದ ಕಿಟಕಿ ಆ ಪೆಟ್ಟಿಗೆಯೊಂದೇ. ಅದೂ ಒಂದು ದಿನ ಮೂಕವಾಯಿತು. ಹೊಸದೊಂದನ್ನು ತಂದುಕೊಟ್ಟರೆ, "ಇದರ ಗುಂಡಿಗಳು ನನ್ನ ಬೆರಳಿಗೆ ಗುರುತಿಲ್ಲವಲ್ಲಪ್ಪಾ" ಎಂದು ಮೆಲ್ಲನೆ ಪಕ್ಕಕ್ಕಿಟ್ಟರು.

ರಿಪೇರಿಯವನು ಹಳೆಯ ಪೆಟ್ಟಿಗೆಯನ್ನು ಬಿಚ್ಚಿ ನೋಡಿ, "ಎಸಿ 128 ಒಂದು ಹೋಗಿದೆ, ಸ್ವಾಮಿ. ಜರ್ಮೇನಿಯಂದು. ಈಗ ಯಾರೂ ಇಡುವುದಿಲ್ಲ, ತಂದರೆ ಹಾಕಿಕೊಡುತ್ತೇನೆ" ಎಂದ. ಒಂದು ಕಾಲಕ್ಕೆ ಇದು ಅಪರೂಪದ ವಸ್ತುವಾಗಿರಲಿಲ್ಲ. 1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಬಾರ್ಡೀನ್ ಮತ್ತು ಬ್ರಾಟೇನ್ ಕಟ್ಟಿದ ಮೊದಲ ಟ್ರಾನ್ಸಿಸ್ಟರು ಜರ್ಮೇನಿಯಂನದೇ. ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿಯೂ 1962ರಿಂದ ಜರ್ಮೇನಿಯಂ ಸಾಧನಗಳು ತಯಾರಾದವು. ಆಮೇಲೆ ಸಿಲಿಕಾನ್ ಬಂದು, ಹಿರಿಯಣ್ಣ ಮೂಲೆ ಸೇರಿದ.

ಸಾದರ ಪತ್ರಪ್ಪ ರಸ್ತೆಯಲ್ಲಿ ಬಿಸಿಲಿನಲ್ಲಿ ಅಲೆದು ಎರಡು ಹಳೆಯ ಎಸಿ 128ಗಳನ್ನು ಸಂಪಾದಿಸಿದೆ. ಮನೆಯ ಮಲ್ಟಿಮೀಟರಿನಲ್ಲಿ ಟ್ರಾನ್ಸಿಸ್ಟರನ್ನು ಅಳೆಯುವ ರಂಧ್ರಗಳಿದ್ದವು. ಒಂದಕ್ಕೆ 120 ಬಂತು, ಇನ್ನೊಂದಕ್ಕೆ 80. ಅಧ್ಯಾಪಕನ ಕಣ್ಣು ಹೆಚ್ಚು ಅಂಕದವನ ಮೇಲೆ ನಿಲ್ಲುವುದು ಸಹಜ. 120ನ್ನು ಹಾಕಿಸಿದೆ, 80ನ್ನು ಗುಂಡುಸೂಜಿಯ ಡಬ್ಬಿಗೆ ಎಸೆದೆ. ರೇಡಿಯೋ ಹಾಡಿತು, ತಂದೆಯವರ ಮುಖ ಅರಳಿತು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಗಾಯಕರಿಗೆ ಗಂಟಲು ಕಟ್ಟಿತು. ಹೊಸ ಟ್ರಾನ್ಸಿಸ್ಟರು ಮುಟ್ಟಲಾರದಷ್ಟು ಸುಡುತ್ತಿತ್ತು. ತಂದೆಯವರು ತಾವೇ ಗುಂಡಿ ತಿರುಗಿಸಿ ಆರಿಸಿದರು. ಏನೂ ಅನ್ನಲಿಲ್ಲ, ಅದೇ ನನ್ನನ್ನು ಹೆಚ್ಚು ನೋಯಿಸಿತು.

ಮರುದಿನ ಭೌತಶಾಸ್ತ್ರದ ಸಹೋದ್ಯೋಗಿಯೊಬ್ಬರು ನನ್ನ ಕಥೆ ಕೇಳಿ ನಕ್ಕರು. "ಆ 120ರಲ್ಲಿ ಕೃಪಾಂಕ ಸೇರಿದೆ, ಮೇಷ್ಟ್ರೇ!" ಎಂದರು. ಅವರು ವಿವರಿಸಿದ್ದು ಇಷ್ಟು. ಬೇಸ್ ಎಂಬ ಕಾಲಿಗೆ ಕೊಟ್ಟ ಸಣ್ಣ ವಿದ್ಯುತ್ತಿಗೆ ಎಷ್ಟು ಪಟ್ಟು ವಿದ್ಯುತ್ತು ಕಲೆಕ್ಟರಿನಲ್ಲಿ ಹರಿಯುವುದೋ ಅದೇ ವರ್ಧನೆ. ಆದರೆ ಜರ್ಮೇನಿಯಂನಲ್ಲಿ ಕೋಣೆಯ ಸಾಧಾರಣ ಶಾಖವೇ ಸಾಕಷ್ಟು ಎಲೆಕ್ಟ್ರಾನುಗಳನ್ನು ಬಿಡಿಸಿಬಿಡುವುದರಿಂದ, ಬೇಸಿಗೆ ಏನನ್ನೂ ಕೊಡದಿದ್ದರೂ ಒಂದಿಷ್ಟು ವಿದ್ಯುತ್ತು ಸೋರುತ್ತದೆ. ನನ್ನ ಮೀಟರು ಈ ಸೋರಿಕೆಯನ್ನೂ ವರ್ಧನೆಯೆಂದೇ ಎಣಿಸಿತ್ತು. ಸಾಲದ್ದಕ್ಕೆ, ಸುಮಾರು 10 ಡಿಗ್ರಿ ಬಿಸಿಯೇರಿದರೆ ಸೋರಿಕೆ ಇಮ್ಮಡಿಯಾಗುತ್ತದೆ. ಸೋರಿಕೆಯಿಂದ ಬಿಸಿ, ಬಿಸಿಯಿಂದ ಮತ್ತಷ್ಟು ಸೋರಿಕೆ. ಅಲ್ಲದೆ ಆ ಜಾಗದಲ್ಲಿ ಎರಡು ಟ್ರಾನ್ಸಿಸ್ಟರುಗಳು ಜೋಡೆತ್ತುಗಳಂತೆ ದುಡಿಯುತ್ತವೆ. ಒಂದು ಇನ್ನೊಂದಕ್ಕೆ ಸಮನಾಗಿರಬೇಕು.

ಪರೀಕ್ಷಕ ಯಂತ್ರವನ್ನು ನಾನೇ ಕಟ್ಟಿಕೊಳ್ಳುವಂತೆ ಅವರು ಚೀಟಿಯ ಮೇಲೆ ಚಿತ್ರ ಬರೆದುಕೊಟ್ಟರು. 9 ವೋಲ್ಟಿನ ಬ್ಯಾಟರಿಯ ಧನ ತುದಿ ಎಮಿಟರಿಗೆ. ಕಲೆಕ್ಟರಿನಿಂದ ಋಣ ತುದಿಗೆ 2200 ಮತ್ತು 270 ಓಮಿನ ರೆಸಿಸ್ಟರುಗಳು ಸಾಲಾಗಿ. ಬೇಸಿನಿಂದ ಋಣ ತುದಿಗೆ 22 ಲಕ್ಷ ಓಮಿನ ರೆಸಿಸ್ಟರು, ನಡುವೆ ಒಂದು ಒತ್ತುಗುಂಡಿ. ಗುಂಡಿ ಒತ್ತಿದರೆ ಬೇಸಿನಲ್ಲಿ ಹರಿಯುವುದು ಸುಮಾರು 4 ಮೈಕ್ರೊ ಆಂಪಿಯರ್. ಮೊದಲಿನ ಎರಡು ರೆಸಿಸ್ಟರುಗಳ ತುದಿಗಳಿಗೆ ಮೀಟರು ಹಿಡಿದರೆ, 1 ವೋಲ್ಟಿಗೆ ಸುಮಾರು 100ರ ವರ್ಧನೆ. ಗುಂಡಿ ಒತ್ತದೆ ಬಂದದ್ದು ಸೋರಿಕೆ. ಒತ್ತಿದಾಗ ಬಂದುದರಲ್ಲಿ ಅದನ್ನು ಕಳೆದರೆ ಉಳಿಯುವುದು ನಿಜವಾದ ಯೋಗ್ಯತೆ.

ಆ ರಾತ್ರಿ ತಂದೆಯವರು ಕುರ್ಚಿ ಎಳೆದುಕೊಂಡು ನನ್ನ ಪಕ್ಕದಲ್ಲಿಯೇ ಕುಳಿತರು. 120ರ ಮಹಾಶಯನಿಗೆ ಗುಂಡಿ ಒತ್ತದೆಯೇ 1.20 ವೋಲ್ಟ್, ಒತ್ತಿದಾಗ 1.90. ಕಳೆದರೆ ಯೋಗ್ಯತೆ 70. ಡಬ್ಬಿಗೆ ಎಸೆದಿದ್ದ ಬಡಪಾಯಿಗೆ 0.18, ಒತ್ತಿದಾಗ 0.90, ಯೋಗ್ಯತೆ 72! ರೇಡಿಯೋದಲ್ಲಿ ಬದುಕುಳಿದಿದ್ದ ಹಳೆಯದಕ್ಕೆ 70. ಜೋಡಿ ನನ್ನ ಡಬ್ಬಿಯಲ್ಲಿಯೇ ಇತ್ತು.

"ಎಲ್ಲಿ, ನೋಡೋಣ" ಎಂದು ತಂದೆಯವರು ತಡವಿ, ಆ ಪುಟ್ಟ ಲೋಹದ ಟೋಪಿಯನ್ನು ಎರಡು ಬೆರಳಿನಲ್ಲಿ ಹಿಡಿದರು. ಗುಂಡಿ ಒತ್ತಿರಲಿಲ್ಲ. ಆದರೂ 0.18ರಲ್ಲಿ ನಿಂತಿದ್ದ ಅಂಕಿ 0.20, 0.22 ಎಂದು ಮೆಲ್ಲಮೆಲ್ಲನೆ ಏರತೊಡಗಿತು. ಕೈಯಲ್ಲಿ ಹಿಡಿದ ಕೂಡಲೇ ಅಳೆಯಬಾರದು, ಆರಲು ಬಿಡಬೇಕೆಂದು ಸಹೋದ್ಯೋಗಿ ಎಚ್ಚರಿಸಿದ್ದರು. ನಾನು ಬಿಡಿಸಲಿಲ್ಲ. ಎಷ್ಟೋ ವರ್ಷಗಳಿಂದ ನಾನು ಹಿಡಿದು ನೋಡದಿದ್ದ ಆ ಕೈಯ ಬಿಸುಪು ಅಂಕಿಯಾಗಿ ನನ್ನ ಕಣ್ಣ ಮುಂದೆ ಏರುತ್ತಿತ್ತು.

ಈಗ ರೇಡಿಯೋ ಗಂಟೆಗಟ್ಟಲೆ ಶುದ್ಧವಾಗಿ ಹಾಡುತ್ತದೆ. ಉತ್ತರಪತ್ರಿಕೆ ತಿದ್ದುವಾಗ, ಮಾತು ಕಡಮೆಯಾದ ಹುಡುಗನಿಗೆ ಅಂಕ ಹಾಕುವ ಮೊದಲು ನನ್ನ ಕೈ ಒಂದು ಕ್ಷಣ ತಡೆಯುತ್ತದೆ. ಮೊನ್ನೆ ಸಂಜೆ ವಾರ್ತೆ ಮುಗಿಯುತ್ತಲೇ ತಂದೆಯವರು ರೇಡಿಯೋ ಆರಿಸಿ ನನ್ನ ಕಡೆ ತಿರುಗಿದರು. "ಲೋಕದ್ದಾಯಿತು. ಇನ್ನು ನಿನ್ನ ಕಾಲೇಜಿನ ಸಮಾಚಾರ ಹೇಳಪ್ಪ" ಎಂದರು.