ಉಸಿರು ನಂದು, ಗುರಿಯೂ ನಂದು



ಮೊನ್ನೆ ಸಭೆ ಮುಗಿದ ಮೇಲೆ ಒಬ್ಬ ತಮ್ಮ ಕೇಳಿದ: “ಏನಣ್ಣ, ಈಜುಕೊಳಕ್ಕೆ ಹೋಗಿ ಉಸಿರು ಕಟ್ಟಿ ಮುಳುಗ್ತೀರಂತೆ? 44ನೇ ವಯಸ್ಸಲ್ಲಿ ಇದೆಲ್ಲ ಬೇಕಾ? ಹೋರಾಟಕ್ಕೂ ಇದಕ್ಕೂ ಏನು ಸಂಬಂಧ?” ಅಲ್ಲಿ ನಕ್ಕು ಸುಮ್ಮನಾದೆ. ಉತ್ತರ ಸ್ವಲ್ಪ ಉದ್ದ ಇದೆ, ಅದಕ್ಕೆ ಇಲ್ಲಿ ಬರೀತಿದ್ದೀನಿ.

ಇದಕ್ಕೆ ಫ್ರೀಡೈವಿಂಗ್ ಅಂತಾರೆ. ಬೆನ್ನಿಗೆ ಸಿಲಿಂಡರ್ ಇರಲ್ಲ, ಒಂದೇ ಉಸಿರಲ್ಲಿ ನೀರೊಳಗೆ ಹೋಗಿ ಬರಬೇಕು. ಸಮುದ್ರದಲ್ಲಾದರೆ ಹಗ್ಗ ಇಳಿಬಿಟ್ಟು ಆಳ ಅಳೀತಾರೆ. ಕೊಳದಲ್ಲಾದರೆ ಅಲುಗಾಡದೆ ಎಷ್ಟು ಹೊತ್ತು ಇರ್ತೀರಿ, ನೀರೊಳಗೇ ಎಷ್ಟು ದೂರ ಹೋಗ್ತೀರಿ ಅಂತ ಲೆಕ್ಕ. ರಷ್ಯಾದ ನತಾಲಿಯಾ ಮೊಲ್ಚನೋವಾ ಇದನ್ನ ಶುರು ಮಾಡಿದ್ದೇ ನಲವತ್ತರ ಹೊತ್ತಿಗೆ. 2009ರಲ್ಲಿ ತಮ್ಮದೇ ಬಲದಲ್ಲಿ ಈಜಿ 100 ಮೀಟರ್ ಆಳ ದಾಟಿದ ಮೊದಲ ಹೆಣ್ಣುಮಗಳಾದರು. 2013ರಲ್ಲಿ 9 ನಿಮಿಷ 2 ಸೆಕೆಂಡ್ ಉಸಿರು ಹಿಡಿದರು. ಅವರ ಬಗ್ಗೆ ಓದಿದ ಮೇಲೆ ವಯಸ್ಸಿನ ಮಾತು ನನಗೆ ನಾಟಲಿಲ್ಲ.

ನನಗೆ ನಾಟಿದ್ದು ನೀರು. ನಮ್ಮೂರ ದೊಡ್ಡ ಬಾವಿಗೆ ಬೇರೆ ಕೇರಿ ಹುಡುಗರು ಮೇಲಿಂದ ದುಮುಕೋರು. ನಾವು ದೂರ ನಿಂತು ನೋಡಬೇಕಿತ್ತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ ಕೆರೆಗಿಳಿದು ಒಂದು ಬೊಗಸೆ ನೀರು ಕುಡಿದಿದ್ದಕ್ಕೆ ನಮ್ಮವರಿಗೆ ಏಟು ಬಿತ್ತು, ಆಮೇಲೆ ಕೆರೆಯನ್ನ ಸಗಣಿ ಗಂಜಲ ಹಾಕಿ ‘ಶುದ್ಧ’ ಮಾಡಿದರು. ಆ ನೀರಿನ ಹಕ್ಕು ಹೈಕೋರ್ಟಲ್ಲಿ ಗಟ್ಟಿಯಾಗೋಕೆ 1937ರ ತನಕ ಕಾಯಬೇಕಾಯ್ತು. ಕುಡಿಯೋ ನೀರಿಗೇ ಇಷ್ಟು ಬಡಿದಾಡಿದ ಜನಕ್ಕೆ ನೀರಲ್ಲಿ ಆಟ ಆಡೋದು ಎಲ್ಲಿಂದ ಬರಬೇಕು? ನಾನು ಈಜು ಕಲಿತಿದ್ದು ನಲವತ್ತು ದಾಟಿದ ಮೇಲೆ, ತಿಂಗಳ ಫೀಸು ಕಟ್ಟಿ.

ಈಗ ಅಭ್ಯಾಸದ ವಿಷಯ. ಮೊದಲ ದಿನ ನಾನು ಹಿಡಿದಿದ್ದು 48 ಸೆಕೆಂಡ್. ಆರು ತಿಂಗಳಾದ ಮೇಲೆ 2 ನಿಮಿಷ 10 ಸೆಕೆಂಡ್. ಬೆಳಿಗ್ಗೆ ಆಫೀಸಿಗೆ ಹೊರಡೋ ಮುಂಚೆ ಮನೇಲಿ ಚಾಪೆ ಮೇಲೆ ಮಲಗಿ ಎಂಟು ಸುತ್ತು ಮಾಡ್ತೀನಿ. ಪ್ರತಿ ಸಲ 1 ನಿಮಿಷ ಉಸಿರು ಹಿಡಿಯೋದು. ನಡುವಿನ ವಿರಾಮ 2 ನಿಮಿಷದಿಂದ ಶುರುವಾಗಿ ಸುತ್ತಿಗೆ 15 ಸೆಕೆಂಡ್ ಕಮ್ಮಿ ಆಗ್ತಾ ಹೋಗುತ್ತೆ. ವರ್ಷದ ಕೊನೆಗೆ ನನ್ನ ಗುರಿ ಎರಡೇ: ಎರಡೂವರೆ ನಿಮಿಷ, ಮತ್ತೆ ನೀರೊಳಗೇ 25 ಮೀಟರ್. ದೊಡ್ಡವರ ದಾಖಲೆ ಮುಂದೆ ಇದು ಏನೂ ಅಲ್ಲ. ಆದ್ರೆ ಆಫೀಸಲ್ಲಿ ಟಾರ್ಗೆಟ್ ಬೇರೆಯವರು ಕೊಡ್ತಾರೆ. ಇದನ್ನ ನಾನೇ ಬರೆದುಕೊಂಡಿದ್ದು.

ಕಲಿತ ಮುಖ್ಯ ಪಾಠ ಒಂದಿದೆ. ಉಸಿರು ಬೇಕು ಬೇಕು ಅಂತ ಎದೆ ಬಡ್ಕೊಳ್ಳೋದು ಆಮ್ಲಜನಕ ಮುಗಿದಿದ್ದಕ್ಕಲ್ಲ, ಒಳಗೆ ಇಂಗಾಲದ ಡೈಆಕ್ಸೈಡ್ ಸೇರಿದ್ದಕ್ಕೆ. ಹೊಟ್ಟೆ ಎಳೆಯೋಕೆ ಶುರುವಾದಾಗ ಗಾಬರಿ ಬೀಳದೆ ಇರೋದೇ ಅಭ್ಯಾಸ. ಆದ್ರೆ ಮುಳುಗೋ ಮುಂಚೆ ಜೋರಾಗಿ ಉಸಿರಾಡಿ ಆ ಡೈಆಕ್ಸೈಡ್ ಹೊರಗೆ ಹಾಕಿದರೆ ಎಚ್ಚರಿಕೆಯ ಗಂಟೆಯೇ ಬಾರಿಸಲ್ಲ, ಗೊತ್ತಾಗದ ಹಾಗೆ ಪ್ರಜ್ಞೆ ಹೋಗುತ್ತೆ. ಅದಕ್ಕೇ ನೀರಲ್ಲಿ ಒಬ್ಬರೇ ಇದನ್ನ ಮಾಡೋ ಹಾಗಿಲ್ಲ. ನನ್ನ ಪಕ್ಕ ಕೋಚ್ ನಿಂತಿರ್ತಾರೆ. ಆಗಾಗ ಭುಜ ತಟ್ತಾರೆ, ನಾನು ಬೆರಳೆತ್ತಬೇಕು. ಎತ್ತದಿದ್ದರೆ ಎಳೆದು ಹಾಕ್ತಾರೆ. ಅಷ್ಟು ಗಟ್ಟಿಗಿತ್ತಿ ಮೊಲ್ಚನೋವಾ ಕೂಡ 2015ರಲ್ಲಿ ಸ್ಪೇನಿನ ಫಾರ್ಮೆಂಟೆರಾ ದ್ವೀಪದ ಹತ್ತಿರ ಇಳಿದವರು ಮೇಲೆ ಬರಲೇ ಇಲ್ಲ.

ಸ್ಪರ್ಧೆಯ ಒಂದು ನಿಯಮ ನನಗೆ ಬಹಳ ಹಿಡಿಸಿತು. ಎಷ್ಟೇ ಆಳಕ್ಕೆ ಹೋಗಿ ಬನ್ನಿ, ಮೇಲೆ ಬಂದ 15 ಸೆಕೆಂಡಲ್ಲಿ ಮುಖದ ಮಾಸ್ಕ್ ತೆಗೆದು, ಕೈಸನ್ನೆ ಮಾಡಿ, “ನಾನು ಚೆನ್ನಾಗಿದ್ದೀನಿ” ಅಂತ ಬಾಯಿಬಿಟ್ಟು ಹೇಳಬೇಕು. ಹೇಳೋಕಾಗದಿದ್ದರೆ ಆ ಆಳ ಲೆಕ್ಕಕ್ಕಿಲ್ಲ.

ಇದನ್ನ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ ಗೆಳೆಯರೇ. ನಮ್ಮ ಹುಡುಗರೂ ಉಸಿರು ಬಿಗಿ ಹಿಡಿದು ಇಳೀತಾರೆ, ಮ್ಯಾನ್‌ಹೋಲಿಗೆ, ಶೌಚಗುಂಡಿಗೆ. ಅಲ್ಲಿ ಭುಜ ತಟ್ಟೋರಿಲ್ಲ. ಒಳಗಿರೋದು ವಿಷಗಾಳಿ, ಎಷ್ಟು ಅಭ್ಯಾಸ ಮಾಡಿದರೂ ಅದರ ಮುಂದೆ ನಡೆಯಲ್ಲ. ಎತ್ತೋಕೆ ಇಳಿದ ಇನ್ನೊಬ್ಬನೂ ಅಲ್ಲೇ ಬೀಳ್ತಾನೆ. 2013ರಲ್ಲೇ ನಿಷೇಧದ ಕಾಯ್ದೆ ಬಂತು. ಸತ್ತವರ ಮನೆಯವರಿಗೆ 10 ಲಕ್ಷ ಕೊಡಿ ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು, 2023ರಲ್ಲಿ ಅದನ್ನ 30 ಲಕ್ಷ ಮಾಡಿತು. ಪರಿಹಾರದ ಮೊತ್ತ ಏರ್ತಾ ಇದೆ, ಇಳಿಸೋದು ನಿಂತಿಲ್ಲ. ಆಟಕ್ಕೆ ಇಳಿದವರು ಮೇಲೆ ಬಂದು “ಚೆನ್ನಾಗಿದ್ದೀನಿ” ಅನ್ನೋವರೆಗೂ ಕಾಯೋ ಲೋಕ, ಹೊಟ್ಟೆಪಾಡಿಗೆ ಇಳಿದವನನ್ನ ಯಾಕೆ ಕಾಯಲ್ಲ?

ತಮ್ಮಾ, ಸಂಬಂಧ ಇದೇ. ನಮ್ಮವರು ಇನ್ನೊಬ್ಬರ ಹೇಸಿಗೆಗೆ ಉಸಿರು ಕಟ್ಟೋದು ನಿಲ್ಲಬೇಕು. ನಮ್ಮ ಖುಷಿಗೆ, ನಾವೇ ಇಟ್ಟುಕೊಂಡ ಗುರಿಗೆ ಉಸಿರು ಹಿಡಿಯೋದು ಶುರುವಾಗಬೇಕು. ಎರಡೂ ಹಕ್ಕೇ.

ಮೊದಲು ಈಜು. ನಿಮ್ಮ ಊರಲ್ಲಿ ಕೊಳ ಇದ್ದರೆ ಮಕ್ಕಳನ್ನ, ಅದರಲ್ಲೂ ಹೆಣ್ಣುಮಕ್ಕಳನ್ನ ಸೇರಿಸಿ. ಫೀಸಿಗೆ ತೊಂದರೆ ಇದ್ದೋರು ಇನ್‌ಬಾಕ್ಸಿಗೆ ಬನ್ನಿ, ನಾಲ್ಕು ಜನ ಸೇರಿ ಹೊಂದಿಸೋಣ.

ಜೈ ಭೀಮ್.